ಮುಂದಿನ ಕಂತು

ಪ್ರಯೋಗ ಎಂಬುದು ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ವ್ಯಾಕರಣದ ತರಗತಿಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ಕಲಿಯುತ್ತೀರಿ. ವಿಜ್ಞಾನದ ಪಾಠಕ್ಕಾಗಿ ಪ್ರಯೋಗಶಾಲೆಗೆ ಹೋಗುತ್ತೀರಿ. ನಾಟಕವೊಂದನ್ನು ರಂಗದ ಮೇಲೆ ಆಡಿ ತೋರಿಸಿದರೆ ಅದನ್ನೂ ಪ್ರಯೋಗವೆಂದೇ ಕರೆಯುತ್ತಾರೆ. ಈ ಮೂರೂ ಮೇಲುನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ತಿರುಳು ಒಂದೇ. ತಿಳಿದುದನ್ನು ಬಳಸಿ ನೋಡುವುದೇ ಪ್ರಯೋಗ. ಧಾತುವನ್ನು ವಾಕ್ಯದಲ್ಲಿ ಬಳಸಿದಾಗ, ದ್ರಾವಣವನ್ನು ಪ್ರನಾಳದಲ್ಲಿ ಕಾಯಿಸಿದಾಗ, ಬರೆದ ಮಾತನ್ನು ಜನರ ಮುಂದೆ ಆಡಿದಾಗ ಮಾತ್ರ ಅದರ ಗುಣವೂ ದೋಷವೂ ಹೊರಬೀಳುತ್ತವೆ. ಪೆಟ್ಟಿಗೆಯಲ್ಲಿಟ್ಟ ಬೀಜ ಒಳ್ಳೆಯದೋ ಜೊಳ್ಳೋ ಎಂಬುದನ್ನು ಮಣ್ಣೇ ಹೇಳಬೇಕು.

ಈ ಮಾತನ್ನು ಚಿತ್ರಕಥೆಗೆ ಅನ್ವಯಿಸಿ ನೋಡೋಣ. ಇಂದು ಅನೇಕರ ಮನೆಗಳಲ್ಲಿ ಮೊಬೈಲು ಫೋನು ಇದೆ. ಅದರಲ್ಲಿ ಚಿತ್ರಕಥೆಗಳು ಕಂತು ಕಂತಾಗಿ ಬರುತ್ತವೆ. ನಿಮ್ಮಲ್ಲಿ ಹಲವರು ಅವುಗಳನ್ನು ಓದುತ್ತೀರಿ, ಮುಂದಿನ ಕಂತಿಗಾಗಿ ಕಾಯುತ್ತೀರಿ. ಆದರೆ ಅಂಥದೊಂದನ್ನು ತಾವೇ ರಚಿಸಬೇಕೆಂದು ಹೊರಡುವವರು ಕಡಿಮೆ. ಹೊರಟವರಲ್ಲಿಯೂ ಹೆಚ್ಚಿನವರು ಮೊದಲ ಪುಟದಲ್ಲಿಯೇ ನಿಂತುಬಿಡುತ್ತಾರೆ. ಚಿತ್ರ ಚೆನ್ನಾಗಿ ಬರಲಿಲ್ಲ, ನಾಲ್ಕು ಜನ ನಕ್ಕಾರು ಎಂಬ ಅಂಜಿಕೆಯೇ ಅದಕ್ಕೆ ಕಾರಣ. ಈ ಅಂಜಿಕೆಗೆ ಆಧಾರವಿಲ್ಲವೆಂದು ನನ್ನ ಅಭಿಪ್ರಾಯ. ಧಾರಾವಾಹಿ ಚಿತ್ರಕಥೆಯಷ್ಟು ಪ್ರಯೋಗಕ್ಕೆ ಅನುಕೂಲವಾದ ಕಲೆ ಮತ್ತೊಂದಿಲ್ಲ. ಒಂದು ಕಂತು ಸೊರಗಿದರೆ ಕಥೆ ಸಾಯುವುದಿಲ್ಲ. ಮುಂದಿನ ಕಂತು ಇದ್ದೇ ಇದೆ. ಆದರೆ ಒಂದು ಮಾತು: ಪ್ರಯೋಗವು ಕಥೆಯ ಅಗತ್ಯದಿಂದ ಹುಟ್ಟಬೇಕೇ ಹೊರತು ಬೆರಗುಗೊಳಿಸುವ ಚಪಲದಿಂದಲ್ಲ. ಈ ಎರಡು ಮಾತುಗಳನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸೋಣ.

ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವುದು ನಮ್ಮ ನಾಡಿಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಕಾವೇರಿಯ ದಡದ ಸೋಮನಾಥಪುರಕ್ಕೆ ಹೋಗಿ ನೋಡಿರಿ. 13ನೇ ಶತಮಾನದ ಆ ಕೇಶವ ದೇವಾಲಯದ ಹೊರಗೋಡೆಯ ಮೇಲೆ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಗಳ ಸಾಲು, ಅದರ ಮೇಲೆ ಪುರಾಣಕಥೆಗಳ ಸಾಲು ಹೀಗೆ ಪಟ್ಟಿಕೆಗಳು ಒಂದರ ಮೇಲೊಂದು ಸುತ್ತುವರಿದಿವೆ. ಕಥಾಪಟ್ಟಿಕೆಯಲ್ಲಿ ದಕ್ಷಿಣಕ್ಕೆ ರಾಮಾಯಣ, ಹಿಂಬದಿಗೆ ಭಾಗವತ, ಉತ್ತರಕ್ಕೆ ಮಹಾಭಾರತ. ಅಕ್ಷರ ಬಾರದ ರೈತನೂ ಪ್ರದಕ್ಷಿಣೆ ಬರುತ್ತ ಕಥೆಯನ್ನು ಓದಬಲ್ಲ. ಕಲ್ಲು ಕದಲುವುದಿಲ್ಲ; ನೋಡುವವನ ಕಾಲು ನಡೆಯುತ್ತದೆ, ಕಥೆ ಮುಂದುವರಿಯುತ್ತದೆ. ಮೊಬೈಲಿನಲ್ಲಿ ಇಂದು ನಡೆಯುವುದೂ ಇದೇ. ಅಲ್ಲಿ ಕಾಲಿನ ಬದಲು ಬೆರಳು ನಡೆಯುತ್ತದೆ. ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ಗೌರವದ ಒಂದು ಪಾಲು ಈ ಕಲ್ಲಿನ ಚಿತ್ರಕಥೆಗಾರರಿಗೂ ಸಲ್ಲಬೇಕು. ಅವರಲ್ಲಿ ಒಬ್ಬನಾದ ಮಲ್ಲಿತಮ್ಮನು ತಾನು ಕಂಡರಿಸಿದ ಶಿಲ್ಪಗಳ ಕೆಳಗೆ ತನ್ನ ಹೆಸರನ್ನೂ ಕೆತ್ತಿದ್ದಾನೆ.

ಈ ಶಿಲ್ಪಿಗಳು ಹಿಂದಿನವರು ಹಾಕಿಕೊಟ್ಟ ಗೆರೆಯನ್ನು ಕಣ್ಣುಮುಚ್ಚಿ ಅನುಸರಿಸಿದವರಲ್ಲ. ಇದಕ್ಕೆ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಅಮೃತಾಪುರವು ಸಾಕ್ಷಿ. ಎರಡನೆಯ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಅದರ ದಕ್ಷಿಣದ ಗೋಡೆಯಲ್ಲಿ 70 ಫಲಕಗಳಲ್ಲಿ ರಾಮಾಯಣವನ್ನು ಬಿಡಿಸಿದ್ದಾರೆ. ಹೊಯ್ಸಳ ದೇವಾಲಯಗಳಲ್ಲಿ ಕಥೆ ಪ್ರದಕ್ಷಿಣಕ್ರಮದಲ್ಲಿ ಸಾಗುವುದು ವಾಡಿಕೆ. ಇಲ್ಲಿ ಮಾತ್ರ ರಾಮಾಯಣವು ಅದಕ್ಕೆ ಎದುರು ದಿಕ್ಕಿನಲ್ಲಿ ಸಾಗುತ್ತದೆ. ಅದೇ ಗುಡಿಯ ಉತ್ತರದ ಗೋಡೆಯಲ್ಲಿ 25 ಫಲಕಗಳ ಕೃಷ್ಣಕಥೆಯೂ 45 ಫಲಕಗಳ ಮಹಾಭಾರತವೂ ವಾಡಿಕೆಯಂತೆಯೇ ನಡೆದಿವೆ. ರೂಢಿಯನ್ನು ಒಂದು ಕಡೆ ಬದಲಿಸಿದವರು ಇನ್ನೊಂದು ಕಡೆ ಉಳಿಸಿಕೊಂಡರು. ದಿಕ್ಕು ಬದಲಾದರೂ ರಾಮ ರಾಮನಾಗಿಯೇ ಇದ್ದಾನೆ, ಕಥೆಯ ಎಳೆ ತಪ್ಪಿಲ್ಲ. ಪ್ರಯೋಗವೆಂದರೆ ಎಲ್ಲವನ್ನೂ ಕೆಡವುವುದಲ್ಲವೆಂಬ ಪಾಠವನ್ನು ಈ ಎರಡು ಗೋಡೆಗಳು ಎಂಟುನೂರು ವರ್ಷಗಳಿಂದ ಹೇಳುತ್ತಿವೆ.

ಮಂಡ್ಯ ಸೀಮೆಯವರಿಗೆ ಪರಿಚಿತವಾದ ತೊಗಲುಗೊಂಬೆಯಾಟವನ್ನೂ ಇಲ್ಲಿ ನೆನೆಯಬೇಕು. ತೆರೆಯ ಹಿಂದೆ ದೀಪ, ಮುಂದೆ ಜನ, ನಡುವೆ ಬಣ್ಣದ ತೊಗಲು. ಅರಸರ ಮತ್ತು ದೇವತೆಗಳ ಗೊಂಬೆಗಳು ದೊಡ್ಡವು. ಸೇವಕರ, ಸಾಮಾನ್ಯರ ಗೊಂಬೆಗಳು ಚಿಕ್ಕವು. ಕಣ್ಣಿಗೆ ಕಾಣುವ ಅಳತೆಗಿಂತ ಕಥೆಯಲ್ಲಿನ ಸ್ಥಾನವೇ ಗೊಂಬೆಯ ಅಳತೆಯನ್ನು ನಿಶ್ಚಯಿಸುತ್ತದೆ. ಆದ್ದರಿಂದ ಚಿತ್ರ ಯಥಾವತ್ತಾಗಿ ಇಲ್ಲದಿದ್ದರೆ ಅದು ತಪ್ಪು ಎಂಬ ಎಣಿಕೆಯನ್ನು ಚಿತ್ರಕಥೆ ಬರೆಯಹೊರಟವರು ಮೊದಲು ಬಿಡಬೇಕು. ಅರ್ಥವಾಗುವಂತೆ ಇದೆಯೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಹೊರದೇಶಗಳ ಅನುಭವವೂ ಇದಕ್ಕೆ ಹೊಂದುತ್ತದೆ. ಸ್ವಿಟ್ಸರ್ಲೆಂಡಿನ ಜಿನೀವಾ ನಗರದಲ್ಲಿ ರೊಡಾಲ್ಫ್ ಟೋಪ್ಫರ್ (1799–1846) ಎಂಬ ಉಪಾಧ್ಯಾಯನಿದ್ದನು. ತಂದೆ ಹೆಸರಾಂತ ಚಿತ್ರಕಾರ. ಮಗನಿಗೂ ಅದೇ ಹಂಬಲವಿತ್ತು. ಆದರೆ ಕಣ್ಣಿನ ದೋಷದಿಂದಾಗಿ ವರ್ಣಚಿತ್ರಕಾರನಾಗುವ ಆಸೆಯನ್ನು ಬಿಡಬೇಕಾಯಿತು. ಅವನು ವಸತಿಶಾಲೆಯೊಂದನ್ನು ನಡೆಸುತ್ತ, ವಿದ್ಯಾರ್ಥಿಗಳನ್ನು ನಗಿಸಲೆಂದು ಬಳುಕು ಗೆರೆಗಳಲ್ಲಿ ಕಥೆಗಳನ್ನು ಗೀಚತೊಡಗಿದನು. ಚೌಕಗಳಲ್ಲಿ ಚಿತ್ರ, ಕೆಳಗೆ ಒಂದೆರಡು ಸಾಲು ಬರಹ. ಜರ್ಮನಿಯ ಮಹಾಕವಿ ಗಯಟೆ ಅವುಗಳನ್ನು ನೋಡಿ ಮೆಚ್ಚಿಕೊಂಡನು. 1833ರಲ್ಲಿ ಅವುಗಳಲ್ಲೊಂದು ಅಚ್ಚಾಯಿತು. ಆಧುನಿಕ ಚಿತ್ರಕಥೆಯ ಮೂಲಪುರುಷನೆಂದು ಅನೇಕ ವಿದ್ವಾಂಸರು ಇಂದು ಅವನನ್ನು ಗೌರವಿಸುತ್ತಾರೆ. ಹೇಗೆ ಗೀಚಿದರೂ ಮುಖವೊಂದು ಮೂಡಿದರೆ ಅದಕ್ಕೆ ಒಂದು ಭಾವ ಇದ್ದೇ ಇರುತ್ತದೆ, ಗೆರೆಯನ್ನು ಸ್ವಲ್ಪ ಬದಲಿಸಿದರೆ ಭಾವವೂ ಬದಲಾಗುತ್ತದೆ ಎಂಬುದನ್ನು ಅವನು ಗೀಚಿ ಗೀಚಿಯೇ ಕಂಡುಕೊಂಡನು. 1845ರಲ್ಲಿ ಅದನ್ನು ಕುರಿತು ಪ್ರಬಂಧವನ್ನೂ ಬರೆದನು. ಕೊರತೆಯೆಂದು ಕೈಬಿಡಬಹುದಾಗಿದ್ದ ಗೀಚುಗೆರೆಯೇ ಹೊಸ ಕಲೆಗೆ ದಾರಿಯಾಯಿತು.

ಅನಂತರ ಬಂದ ಅಮೆರಿಕದ ವಿನ್ಸರ್ ಮೆಕೇ ಎಂಬಾತ 1905ರಿಂದ ಪತ್ರಿಕೆಯೊಂದರಲ್ಲಿ ವಾರವಾರವೂ ಪುಟ್ಟ ನೀಮೋ ಎಂಬ ಬಾಲಕನ ಕನಸುಗಳನ್ನು ಚಿತ್ರಿಸಿದನು. ಒಂದು ಕಂತಿನಲ್ಲಿ ಹುಡುಗ ಮಲಗಿದ ಮಂಚಕ್ಕೆ ಜೀವ ಬಂದು, ಅದರ ಕಾಲುಗಳು ಉದ್ದುದ್ದ ಬೆಳೆದು, ಊರಿನ ಮೇಲೆ ನಡೆದುಹೋಗುತ್ತದೆ. ಕಾಲು ಬೆಳೆದಂತೆ ಚಿತ್ರದ ಚೌಕಗಳೂ ಎತ್ತರವಾಗುತ್ತ ಹೋಗುತ್ತವೆ. ಅಲ್ಲಿಯವರೆಗೆ ಚೌಕವೆಂದರೆ ಚಿತ್ರವನ್ನು ತುಂಬುವ ಪೆಟ್ಟಿಗೆಯೆಂದು ಎಣಿಸಿದವರಿಗೆ, ಚೌಕವೂ ಕಥೆ ಹೇಳಬಲ್ಲದೆಂದು ತೋರಿತು. ನಮ್ಮ ಈ ಶತಮಾನದ ಆರಂಭದಲ್ಲಿ ದಕ್ಷಿಣ ಕೊರಿಯದ ಚಿತ್ರಕಥೆಗಾರರು ಅಂತರಜಾಲಕ್ಕೆ ಬಂದಾಗ, ಪುಸ್ತಕದ ಪುಟವನ್ನು ಮರೆತು, ಮೇಲಿನಿಂದ ಕೆಳಕ್ಕೆ ಸುರುಳಿಯಂತೆ ಬಿಚ್ಚಿಕೊಳ್ಳುವ ಚಿತ್ರಕಥೆಯನ್ನು ರೂಢಿಗೆ ತಂದರು. ಇಂದು ನೀವು ಮೊಬೈಲಿನಲ್ಲಿ ಬೆರಳಿನಿಂದ ಸರಿಸಿ ಓದುವ ಎಷ್ಟೋ ಕಥೆಗಳ ಬೇರು ಅಲ್ಲಿದೆ.

ಕನ್ನಡದಲ್ಲಿಯೂ ಇಂಥ ಸಾಹಸಗಳು ನಡೆದಿವೆ. 1942ರಲ್ಲಿ ‘ರಾಶಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿದರು. ಮೈಸೂರಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳಿಗೆ ಅಲ್ಲಿ ಎಡೆ ದೊರೆಯಿತು. ಎಳೆಯ ಕೈಗೆ ಪ್ರಯೋಗ ಮಾಡಲು ಪುಟ ಕೊಟ್ಟ ಸಂಪಾದಕರಿದ್ದರೆಂಬುದೇ ದೊಡ್ಡ ಮಾತು. ದೇಶವೆಲ್ಲ ಬಲ್ಲ ‘ಅಮರ ಚಿತ್ರಕಥೆ’ಯ ಮೊದಲ ಹೆಜ್ಜೆಯೂ ಕನ್ನಡದ್ದೇ. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅದರ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಹೊರಬಂದವು. ಅವು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳಾಗಿದ್ದವು. ಆಮೇಲೆ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಆ ಮಾಲೆ ಭಾರತೀಯ ಪುರಾಣ, ಇತಿಹಾಸಗಳತ್ತ ಹೊರಳಿತು. ಇಂಗ್ಲಿಷಿನ ಸಂಚಿಕೆಗಳು 11ನೇ ಸಂಖ್ಯೆಯಿಂದ ಆರಂಭವಾಗುವುದು ಈ ಕಾರಣದಿಂದಲೇ. ಪರರ ಕಥೆಯಿಂದ ತೊಡಗಿ ತನ್ನ ಕಥೆಗೆ ಬಂದು ನೆಲೆಗೊಂಡುದು ಆ ಮಾಲೆಯ ಚರಿತ್ರೆ. ಮೊದಲ ಸಂಚಿಕೆಯೇ ಕೊನೆಯ ಮಾತಾಗಬೇಕೆಂದು ಕುಳಿತಿದ್ದರೆ ಎರಡನೆಯ ಹೆಜ್ಜೆ ಇಡಲಾಗುತ್ತಿರಲಿಲ್ಲ.

ಇಷ್ಟನ್ನು ಕೇಳಿದ ಮೇಲೂ ‘ನಮ್ಮಂಥ ಹಳ್ಳಿಯ ಹುಡುಗರು ಯಾವ ಕಥೆಯನ್ನು ಚಿತ್ರಿಸಬೇಕು?’ ಎಂಬ ಪ್ರಶ್ನೆ ಉಳಿಯಬಹುದು. ಅದಕ್ಕೆ ಉತ್ತರವಾಗಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ಮುಂದಿಡುತ್ತೇನೆ. ಶಿಂಷಾ ನದಿಗೆ ಸಮೀಪದ ಈ ಊರಿನ ಹುಣಸೆ, ಅತ್ತಿ, ಅರಳಿ ಮರಗಳಿಗೆ ಪ್ರತಿ ವರ್ಷವೂ ಚಳಿಗಾಲದ ಸುಮಾರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆಗಾಲ ಹಿಡಿಯುವ ಹೊತ್ತಿಗೆ ಹಾರಿಹೋಗುತ್ತವೆ. ಮನೆಯ ಮಾಡಿನ ಮೇಲೆಯೇ ಗೂಡು, ಗೂಡಿನ ಕೆಳಗೇ ಸಂಸಾರ. ಹಕ್ಕಿ ಬಂದರೆ ಊರಿಗೆ ಒಳ್ಳೆಯದೆಂದು ಹಳ್ಳಿಗರು ನಂಬಿ ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗಿದೆ. ಪ್ಲೇಗಿನ ಕಾಲದಲ್ಲಿ ಊರು ಹೊಳೆಯ ದಡದಿಂದ ಬೇರೆಡೆಗೆ ಸರಿದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ನೆಲೆಯನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮುಂದೆ ಮೈಸೂರಿನ ಕೆ. ಮನು ಅವರ ಒತ್ತಾಸೆಯಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕೆ ತೊಡಗಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಈ ಹಕ್ಕಿಗಳ ವರ್ಷವೇ ಒಂದು ಧಾರಾವಾಹಿ. ಬರವು, ಗೂಡು, ಮೊಟ್ಟೆ, ಮರಿ, ಹಾರಾಟ: ಐದು ಘಟ್ಟಗಳು, ಪ್ರತಿಯೊಂದಕ್ಕೂ ಹಲವು ಕಂತುಗಳು. ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು ಬೇಕು. ಚಿತ್ರಕಥೆಗಾರನೂ ಆ ಒಂದು ತಿಂಗಳು ಓದುಗನನ್ನು ಕಾಯಿಸಬೇಕು! ಏನೂ ನಡೆಯದ ಆ ದಿನಗಳನ್ನು ಹೇಗೆ ತೋರಿಸುವುದು? ಹಗಲು ಇರುಳು, ಬಿಸಿಲು ಮಂಜು ಮಾತ್ರ ಬದಲಾಗುವ ಒಂದೇ ಗೂಡಿನ ಹತ್ತು ಚೌಕಗಳನ್ನು ಬರೆದು ನೋಡಬಹುದು. ಹುಣಸೆಯ ಮರ ಎತ್ತರವಾದುದು. ಹಾಗಿದ್ದರೆ ಬೆರಳಿನಿಂದ ಸರಿಸುತ್ತ ನೆಲದಿಂದ ತುದಿಯವರೆಗೆ ಏರುವಂತೆ ಒಂದೇ ಉದ್ದನೆಯ ಚೌಕವನ್ನು ರಚಿಸಬಹುದು. ಬೆಳೆದ ಬಣ್ಣದ ಕೊಕ್ಕರೆಯು ಸಾಮಾನ್ಯವಾಗಿ ಮೌನಿ. ಗೂಡಿನಲ್ಲಿ ಅದು ಕೊಕ್ಕುಗಳನ್ನು ಟಕಟಕನೆ ಬಡಿಯುತ್ತದೆ. ಗದ್ದಲವೆಲ್ಲ ಮರಿಗಳದು. ಆದುದರಿಂದ ತಾಯಿಹಕ್ಕಿಯ ಬಾಯಿಗೆ ಮಾತಿನ ಗುಳ್ಳೆಯನ್ನು ಅಂಟಿಸದೆ, ಒಂದು ಕಂತನ್ನು ಮಾತಿಲ್ಲದೆಯೇ ನಡೆಸಬಹುದು. ಅಜ್ಜಿಯೊಬ್ಬಳು ಪ್ಲೇಗಿನ ಕಥೆ ಹೇಳುವ ಕಂತಿನಲ್ಲಿ ಅವಳ ಊರಿನ ಆಡುಮಾತನ್ನೇ ಉಳಿಸಿಕೊಳ್ಳಬಹುದು. ಇವೆಲ್ಲವೂ ಪ್ರಯೋಗಗಳೇ. ಆದರೆ ಒಂದನ್ನೂ ಹೊರಗಿನಿಂದ ತರಲಿಲ್ಲ. ಮರ, ಹಕ್ಕಿ, ಅಜ್ಜಿ ಇವರೇ ಕೇಳಿದವು. ಹೀಗೆ ವಸ್ತುವೇ ಬೇಡುವ ಪ್ರಯೋಗವು ಓದುಗನಿಗೆ ಎಂದೂ ಭಾರವಾಗುವುದಿಲ್ಲ.

‘ಮೊದಲು ಚೆನ್ನಾಗಿ ಕಲಿ, ಆಮೇಲೆ ಮಾಡು’ ಎಂದು ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಭ್ಯಾಸವಿಲ್ಲದ ಕೈ ಬಹುದೂರ ಹೋಗಲಾರದು. ಆದರೆ ಕಲಿಯುವುದು ಎಲ್ಲಿ ಮುಗಿಯುತ್ತದೆ, ಮಾಡುವುದು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆದವರುಂಟೆ? ನೀರಿಗಿಳಿಯದೆ ಈಜು ಬಾರದು. ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಗಾದೆಯೇ ಹೇಳುತ್ತದೆ. ರಾಗ ಬಂದ ಮೇಲೆ ಹಾಡು ಎಂದು ಹೇಳುವುದಿಲ್ಲ. ನಾಗಪುರದ ರೋಹನ್ ಚಕ್ರವರ್ತಿ ಎಂಬವರು ಓದಿದ್ದು ದಂತವೈದ್ಯ. ಆದರೂ 2010ರಿಂದ ಅವರು ‘ಗ್ರೀನ್ ಹ್ಯೂಮರ್’ ಎಂಬ ಹೆಸರಿನಲ್ಲಿ ಕಾಡುಪ್ರಾಣಿಗಳನ್ನೂ ಹಕ್ಕಿಗಳನ್ನೂ ಕುರಿತ ಚಿತ್ರಮಾಲೆಯನ್ನು ಅಂತರಜಾಲದಲ್ಲಿ ಪ್ರಕಟಿಸುತ್ತ ಬಂದು, ದೇಶವಿದೇಶಗಳ ಓದುಗರನ್ನು ಗಳಿಸಿದ್ದಾರೆ. ಬಿಡದೆ ಮಾಡುವ ಕೆಲಸವೇ ಅವರಿಗೆ ಶಾಲೆಯಾಯಿತೆನ್ನಬಹುದು.

ಸೋಲಿಗಿಂತಲೂ ದೊಡ್ಡ ಹಗೆ ಇನ್ನೊಂದಿದೆ. ಅದು ಹೊಗಳಿಕೆ. ಅಂತರಜಾಲದಲ್ಲಿ ಚಿತ್ರ ಪ್ರಕಟವಾದ ಕ್ಷಣದಿಂದಲೇ ಮೆಚ್ಚಿದವರ ಎಣಿಕೆ ಕಣ್ಣಿಗೆ ಕಾಣುತ್ತದೆ. ಒಂದು ಬಗೆಯ ನಗೆಗೆ ನೂರು ಮಂದಿ ಮೆಚ್ಚಿದರೆ, ಮುಂದಿನ ಕಂತಿನಲ್ಲಿಯೂ ಅದನ್ನೇ ಬಡಿಸುವ ಆಸೆ ಹುಟ್ಟುತ್ತದೆ. ಹೀಗೆ ಎಣಿಕೆಯ ಹಿಂದೆ ಹೋದ ಕೈಗೆ ಪ್ರಯೋಗದ ಬಲ ಉಳಿಯುವುದಿಲ್ಲ. ಅಮೆರಿಕದ ಜಾರ್ಜ್ ಹೆರಿಮನ್ ಎಂಬ ಕಲಾವಿದನ ಬೆಕ್ಕು ಮತ್ತು ಇಲಿಯ ಚಿತ್ರಮಾಲೆ 1913ರಿಂದ ಅವನು ತೀರಿಕೊಂಡ 1944ರವರೆಗೆ ನಡೆಯಿತು. ಪಾತ್ರಗಳು ನಿಂತಲ್ಲೇ ನಿಂತು ಮಾತನಾಡುತ್ತಿರುವಾಗಲೂ ಹಿಂದಿನ ಬೆಟ್ಟ ಗಿಡಗಳು ಚೌಕದಿಂದ ಚೌಕಕ್ಕೆ ಬದಲಾಗುತ್ತಿದ್ದವು. ಬಹುಜನರಿಗೆ ಅದು ರುಚಿಸಲಿಲ್ಲ. ಆದರೂ ಅವನು ಬಿಡಲಿಲ್ಲ. ಪತ್ರಿಕೆಯ ಒಡೆಯನೂ ಅವನ ಕೈಬಿಡಲಿಲ್ಲ. ಇಂದು ಆ ಮಾಲೆಯನ್ನು ಚಿತ್ರಕಥೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಮೆಚ್ಚಿಗೆ ಬೇಡವೆಂದಲ್ಲ, ಅದು ದಾರಿಯಲ್ಲಿ ಸಿಕ್ಕುವ ನೆರಳೇ ಹೊರತು ಸೇರಬೇಕಾದ ಊರಲ್ಲ.

ಹಾಗಾದರೆ ಪ್ರಯೋಗಕ್ಕೆ ಕಟ್ಟುಪಾಡು ಬೇಡವೆ? ಬೇಕು. ಮೊದಲನೆಯದು, ಪಾತ್ರದ ಗುರುತು ಕೆಡಬಾರದು. ನಿಮ್ಮ ಕಥೆಯ ಹುಡುಗಿ ಮೊದಲ ಕಂತಿನಲ್ಲಿ ಎರಡು ಜಡೆ ಹಾಕಿಕೊಂಡಿದ್ದರೆ, ಹತ್ತನೆಯ ಕಂತಿನಲ್ಲಿಯೂ ಓದುಗನು ಅವಳನ್ನು ಕಂಡೊಡನೆ ಗುರುತಿಸಬೇಕು. ಎರಡನೆಯದು, ಹೇಳಿದ ದಿನಕ್ಕೆ ಕಂತು ಬರಬೇಕು. ಕಾದ ಓದುಗನನ್ನು ನಿರಾಶೆಗೊಳಿಸುವುದು ಕೊಟ್ಟ ಮಾತಿಗೆ ತಪ್ಪಿದಂತೆ. ಮೂರನೆಯದು, ವಿಜ್ಞಾನದ ಪ್ರಯೋಗಶಾಲೆಯಂತೆ ಇಲ್ಲಿಯೂ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗೆರೆ, ಬಣ್ಣ, ಭಾಷೆ, ಚೌಕ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗೆಲುವಿಗೆ ಯಾವುದು ಕಾರಣ, ಸೋಲಿಗೆ ಯಾವುದು ಕಾರಣ ಎಂಬುದು ತಿಳಿಯದು. ಅಮೃತಾಪುರದ ಶಿಲ್ಪಿಗಳು ದಿಕ್ಕನ್ನು ಬದಲಿಸಿದರು, ಕಥೆಯನ್ನಲ್ಲ. ನಾಲ್ಕನೆಯದು, ಪ್ರಯೋಗದ ಹೆಸರಿನಲ್ಲಿ ಯಾರಿಗೂ ನೋವಾಗಬಾರದು. ಊರಿನವರೊಬ್ಬರ ಮುಖವನ್ನು ಕಥೆಗೆ ತರುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ಚಿತ್ರಕ್ಕಾಗಿ ಮರ ಹತ್ತಿ ಗೂಡಿನ ಹಕ್ಕಿಯನ್ನು ಬೆದರಿಸಬಾರದು.

ಕಂತು ಮುಗಿದ ಮೇಲೆ ಅದನ್ನು ಇಬ್ಬರಿಗೆ ತೋರಿಸಿರಿ: ಮನೆಯ ಹಿರಿಯರೊಬ್ಬರಿಗೆ, ನಿಮಗಿಂತ ಚಿಕ್ಕ ಮಗುವೊಂದಕ್ಕೆ. ಚೆನ್ನಾಗಿದೆಯೆ ಎಂದು ಕೇಳಬೇಡಿರಿ. ಪ್ರೀತಿಯಿಂದ ಚೆನ್ನಾಗಿದೆ ಎಂದೇ ಹೇಳಿಯಾರು. ಇಲ್ಲಿ ಏನು ನಡೆಯಿತು ಎಂದು ಕೇಳಿರಿ. ನೀವು ಬಿಡಿಸಿದ ಕಥೆಯನ್ನೇ ಅವರು ತಿರುಗಿ ಹೇಳಿದರೆ ಪ್ರಯೋಗ ಫಲಿಸಿತು. ಹೇಳಿ ಮುಗಿಸಿ ‘ಆಮೇಲೇನಾಯಿತು?’ ಎಂದು ಕೇಳಿದರೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ. ಅರ್ಥವಾಗಲಿಲ್ಲವೆಂದರೆ ಬೇಸರಪಡಬೇಕಾಗಿಲ್ಲ. ಎಲ್ಲಿ ಎಡವಿದರೆಂಬುದನ್ನು ಪುಸ್ತಕದ ಅಂಚಿನಲ್ಲಿ ಗುರುತು ಮಾಡಿಕೊಂಡು ಮುಂದಿನ ಕಂತಿನಲ್ಲಿ ತಿದ್ದಿಕೊಳ್ಳಬಹುದು. ಕಥೆ, ಕಾದಂಬರಿಗಳನ್ನು ಮುಗಿಸಿ ಅಚ್ಚಿಗೆ ಕೊಟ್ಟವರಿಗೆ ಈ ಭಾಗ್ಯವಿಲ್ಲ. ಇದಕ್ಕೆ ಹಣವೂ ಬೇಕಾಗಿಲ್ಲ. ಗೆರೆಯಿಲ್ಲದ ಒಂದು ಪುಸ್ತಕ, ಒಂದು ಸೀಸದ ಕಡ್ಡಿ ಸಾಕು. ಮೊಬೈಲು ಇಲ್ಲದಿದ್ದರೆ ಶಾಲೆಯ ಭಿತ್ತಿಪತ್ರಿಕೆಯೇ ನಿಮ್ಮ ಅಂತರಜಾಲ.

ಈ ಕೆಲಸ ಬರಿಯ ವಿನೋದವಲ್ಲವೆಂಬುದನ್ನೂ ಹೇಳಬೇಕು. ಹಕ್ಕಿಗಳು ಕೂರುವ ಮರಗಳು ಕಡಿಮೆಯಾದರೆ ಹಕ್ಕಿಗಳು ಬಾರವು. ಹಕ್ಕಿಯ ಕಥೆ ಬಲ್ಲ ಹಿರಿಯರು ಹೋದರೆ ಕಥೆಯೂ ಬಾರದು. ಪ್ರತಿಯೊಂದು ಊರಿಗೂ ಇಂಥ ಯಾವುದೋ ಒಂದು ಕಥೆ ಇದೆ. ಒಂದು ಕೆರೆಯದು, ಒಂದು ಸಂತೆಯದು, ಒಂದು ಜಾತ್ರೆಯ ತೇರಿನದು. ದೂರದ ಊರಿನ ಚಿತ್ರಕಥೆಗಾರನು ಬಂದು ಅದನ್ನು ಬರೆಯುವನೆಂದು ಕಾಯುವುದು ವ್ಯರ್ಥ. ಅದನ್ನು ದಿನವೂ ಕಣ್ಣಾರೆ ನೋಡುತ್ತಿರುವವರು ನೀವು. ನಿಮ್ಮ ಗೆರೆ ಅಂಕುಡೊಂಕಾಗಿದ್ದೀತು. ಆದರೆ ಅದು ಕಂಡವರ ಗೆರೆ.

ಪ್ರಿಯ ವಿದ್ಯಾರ್ಥಿಗಳೇ, ಪರರು ಬರೆದುದನ್ನು ನೋಡುತ್ತ ಕೂರುವವನು ಕರ್ಮಣಿ ಪ್ರಯೋಗದ ವಾಕ್ಯದಂತೆ. ಅಲ್ಲಿ ಎಲ್ಲವೂ ಇನ್ನೊಬ್ಬರಿಂದ ಮಾಡಲ್ಪಡುತ್ತದೆ. ನೀವು ಕರ್ತರಿ ಪ್ರಯೋಗದ ಕರ್ತೃಗಳಾಗಬೇಕು. ಮೊದಲ ಕಂತು ಹೇಗೇ ಬರಲಿ, ಅದನ್ನು ಹರಿದು ಹಾಕಬೇಡಿರಿ. ಅದರ ಕೊನೆಯ ಚೌಕದ ಕೆಳಗೆ, ನಮ್ಮ ಪತ್ರಿಕೆಗಳ ಹಳೆಯ ಪದ್ಧತಿಯಂತೆ, ‘ಮುಂದುವರಿಯುವುದು’ ಎಂದು ಬರೆಯಿರಿ. ಬರೆದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿರಿ.